ಮೇಜಿನ ಮೇಲಿನ ಉಪ್ಪುನೀರು

"ಇದು ಲ್ಯಾಬೋ, ಮೀನು ಮಾರ್ಕೆಟ್ಟೋ?"

ಇನ್ಫೆಂಟಾ ಬಾಗಿಲಲ್ಲೇ ಕೂಗಿದಳು. ತೂತ್ತುಕುಡಿಯ ಆ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ ಅವಳ ಮೇಜಿನ ತುಂಬ ಉಪ್ಪುನೀರು! ಬಕೆಟ್ಟಿನಲ್ಲಿ ಜೀವಂತ ನಕ್ಷತ್ರಮೀನುಗಳು. ಪಕ್ಕದಲ್ಲಿ ಒದ್ದೆ ಪ್ಯಾಂಟಿನ ರೂಬನ್ ಮಚಾದೊ, ಅಂದೇ ಸೇರಿದ ಹೊಸ ಲೆಕ್ಚರರ್.

"ಚಾರ್ಟ್ ನೋಡಿದ್ರೆ ಮಕ್ಕಳಿಗೆ ನಿದ್ದೆ ಬರತ್ತೆ ಮೇಡಂ, ಅದಕ್ಕೇ..."

"ಆ ಚಾರ್ಟ್ ಬರೆದಿದ್ದು ನಾನು!"

ವಿದ್ಯಾರ್ಥಿಗಳು ಕಿಸಕ್ಕನೆ ನಕ್ಕರು. ಅವಳ ಕಿವಿ ಕೆಂಪಾಯಿತು.

ಅಲ್ಲಿಂದ ಶುರುವಾಯಿತು ದಿನನಿತ್ಯದ ಕಾಟ. ಕಪ್ಪೆಯನ್ನು ನಡುವೆ ಸೀಳಿದರೆ ಎಡ ಬಲ ಎರಡೂ ಸಮ ಎಂದು ಅವಳು ಪಾಠ ಮಾಡುತ್ತಿದ್ದರೆ, ಇವನು ಬೇಸಿನ್ನಿನಲ್ಲಿ ಲೋಳೆಮೀನು, ಅದೇ ಜೆಲ್ಲಿಫಿಶ್, ಹಿಡಿದು ಹಾಜರು.

"ಇದು ದುಂಡಗಿದೆ ಮೇಡಂ, ಎಡವೂ ಇಲ್ಲ, ಬಲವೂ ಇಲ್ಲ. ಹೃದಯ ಇಲ್ಲ, ಮಿದುಳೂ ಇಲ್ಲ!"

"ಗೊತ್ತು. ಅಂಥದ್ದನ್ನ ದಿನಾ ಎದುರಿಗೇ ನೋಡ್ತಿದ್ದೀನಲ್ಲ!"

ಆದರೆ ಅವನು ರಜೆ ಹಾಕಿದ ದಿನ ಲ್ಯಾಬ್ ಬಿಕೋ ಎನ್ನುತ್ತಿತ್ತು. 'ಪೀಡೆ ತೊಲಗಿತು ಅಂತ ಖುಷಿಪಡೋದು ಬಿಟ್ಟು, ಬಾಗಿಲ ಕಡೆ ಯಾಕೆ ನೋಡ್ತಿದ್ದೀಯೇ?' ತನ್ನ ಮೇಲೇ ಅವಳಿಗೆ ಸಿಟ್ಟು ಬಂತು.

ಒಂದು ಮಧ್ಯಾಹ್ನ ಪ್ರಿನ್ಸಿಪಾಲರ ಕೋಣೆಯಿಂದ ಅವನ ದನಿ ಕೇಳಿಸಿತು.

"ಫಾದರ್, ಇನ್ಫೆಂಟಾ ಮೇಡಂ ಇರೋ ವಿಭಾಗದಲ್ಲಿ ನಾನಿರೋಕಾಗಲ್ಲ. ಕಾಲೇಜಿಗೆ ಸೇರಿದ ನಮ್ಮ ಸ್ಕೂಲಿಗೇ ವರ್ಗ ಮಾಡಿಬಿಡಿ."

ಹೊರಗೆ ಹಾದುಹೋಗುತ್ತಿದ್ದ ಅವಳು ಅಲ್ಲೇ ನಿಂತಳು. ಅಷ್ಟೊಂದು ಬೇಡವಾದೆನಾ...?

ಅವನು ಹೊರಬಂದದ್ದೇ ತಡ, ಅಡ್ಡ ನಿಂತಳು.

"ನಾನು ಬೈದಿದ್ದು ನಿಜ. ಅಷ್ಟಕ್ಕೇ ಓಡಿಹೋಗ್ತೀರಾ? ನನ್ನ ಮುಖಾನೂ ನೋಡೋಕಾಗಲ್ವಾ?"

ರೂಬನ್ ತಡವರಿಸಿದ. "ಅದಲ್ಲ... ಗಂಡ ಹೆಂಡತಿ ಒಂದೇ ವಿಭಾಗದಲ್ಲಿ ಇರೋ ಹಾಗಿಲ್ವಂತೆ. ಕಾಲೇಜಿನ ರೂಲು."

"ಯಾರ ಗಂಡ? ಯಾರ ಹೆಂಡತಿ?"

ಅವನು ನೆಲ ನೋಡಿದ. ಅವಳಿಗೆ ಅರ್ಥವಾಗಲು ಕ್ಷಣ ಹಿಡಿಯಿತು.

"ಅಯ್ಯೋ ದೇವಮಾತೆಯೇ! ಫಾದರ್‌ನ ಕೇಳಿದ್ರಿ, ರೂಲ್ ಕೇಳಿದ್ರಿ... ನನ್ನನ್ನ ಕೇಳ್ಬೇಕು ಅಂತ ಹೊಳೀಲೇ ಇಲ್ವಾ?"

"ಭಯ ಆಯ್ತು. ಬೈತೀರಿ ಅಂತ..."

"ಬೈತೀನಿ! ಜೀವನಪೂರ್ತಿ ಬೈತೀನಿ!"

ಹೇಳಿದ ಮೇಲೆ ಏನು ಹೇಳಿದೆನೆಂದು ಹೊಳೆಯಿತು. ಕಣ್ಣು ತುಂಬಿ ಬಂತು, ಜೊತೆಗೇ ನಗುವೂ.

"ಭಾನುವಾರ ಚರ್ಚಿನ ಪೂಜೆ ಮುಗಿಸಿ ಮನೆಗೆ ಬಾ. ಅಪ್ಪನ ಹತ್ರ ಮಾತಾಡು."

ಅವನು ತಲೆಯೆತ್ತಿದ. "ಬಾ... ಅಂದ್ರಾ?"

"ಹೂಂ. ಇನ್ನೊಂದ್ಸಲ ಹೇಳ್ಬೇಕಾ?"

"ಹೇಳಿ..."

"ಬಾ," ಎಂದಳು ಇನ್ಫೆಂಟಾ, ಈ ಸಲ ಮೆಲ್ಲಗೆ.