ಕಳ್ಳಬೀಜ

ನಾಲ್ಕನೇ ಬೀಜವನ್ನು ಭವ್ಯ ಲಂಗದ ಜೇಬಿಗೆ ಇಳಿಸುವುದಕ್ಕೂ, ಅಡುಗೆಮನೆಯ ಬಾಗಿಲಿನಿಂದ ಅಜ್ಜಿಯ ತಲೆ ಹೊರಗೆ ಬರುವುದಕ್ಕೂ ಸರಿಹೋಯಿತು.

"ಎಂತ ಮಾಡ್ತಿದೀಯೇ ಅಲ್ಲಿ? ಎಲ್ಲಾ ಬೀಜಕ್ಕೂ ಕಚ್ಚು ಹಾಕಾಯ್ತಾ?"

"ಹಾಕ್ತಾ ಇದೀನಿ ಅಜ್ಜಿ!"

"ಒಂದೂ ಬಿಡ್ಬೇಡ. ಹಾಗೇ ಬೂದಿಗೆ ಹಾಕಿದ್ರೆ ಡಬ್ ಅಂತ ಸಿಡಿಯತ್ತೆ."

ಅದು ಭವ್ಯಳಿಗೆ ಗೊತ್ತಿಲ್ಲದ ವಿಷಯವೇನಲ್ಲ. ಹಲಸಿನ ಬೀಜದ ತುದಿಯನ್ನು ಚಾಕುವಿನಿಂದ ಚೂರು ಕತ್ತರಿಸಿದರೆ ಒಳಗಿನ ಹಬೆ ಸುಮ್ಮನೆ ಹೊರಗೆ ಹೋಗುತ್ತದೆ. ಬೀಜ ಮೆತ್ತಗೆ ಬೇಯುತ್ತದೆ. ಕತ್ತರಿಸದಿದ್ದರೆ ಹಬೆಗೆ ದಾರಿ ಸಿಗದೆ ಬೀಜವೇ ಸಿಡಿದುಬಿಡುತ್ತದೆ. ಇದೆಲ್ಲ ಗೊತ್ತಿದ್ದೇ ಅವಳು ಕಚ್ಚು ಹಾಕದ ನಾಲ್ಕು ಬೀಜಗಳನ್ನು ಬಚ್ಚಿಟ್ಟುಕೊಂಡಿದ್ದಳು.

ನಿಜವಾಗಿ ಇಟ್ಟುಕೊಳ್ಳಬೇಕಾಗಿದ್ದದ್ದು ಒಂದೇ ಒಂದು.

ಮೇ ತಿಂಗಳ ಕೊನೆಯ ಭಾನುವಾರ ಬಂತೆಂದರೆ ಮೆಣಸೆ ಊರಿನಲ್ಲಿ ಭವ್ಯಳ ಅಜ್ಜಿ ಜಲಜಮ್ಮನ ಮನೆಯ ಒಲೆಗೆ ರಜೆ. ಅವತ್ತು ಸಂಜೆ ಹಿತ್ತಲಲ್ಲಿ ಸುಡುವ ಊಟ. ಒಣ ಕಟ್ಟಿಗೆ, ತೆಂಗಿನ ಚಿಪ್ಪು ಒಟ್ಟಿ ಬೆಂಕಿ ಹಾಕುತ್ತಾರೆ. ಬಂದವರೆಲ್ಲ ಸುಡುವುದಕ್ಕೆ ಏನಾದರೊಂದು ತರಬೇಕು. ಗೆಣಸು ತರುವವರಿದ್ದಾರೆ, ಬದನೆಕಾಯಿ ತರುವವರಿದ್ದಾರೆ, ಹಪ್ಪಳ ತರುವವರಿದ್ದಾರೆ. ಪಕ್ಕದ ಮನೆಯ ಧರ್ಮಪ್ಪ ಮಾವ ಒಂದು ವರ್ಷ ಸೌತೆಕಾಯಿ ತಂದಿದ್ದ. ಸುಟ್ಟ ಸೌತೆಕಾಯಿಯ ರುಚಿಯನ್ನು ಮೆಣಸೆಯಲ್ಲಿ ಇನ್ನೂ ಯಾರೂ ಮರೆತಿಲ್ಲ.

ಎಲ್ಲಕ್ಕಿಂತ ಮಜಾ ಎಂದರೆ ಕಳ್ಳಬೀಜ. ಆ ವರ್ಷದ ಯಜಮಾನರು ಕಚ್ಚು ಹಾಕದ ಒಂದು ಬೀಜವನ್ನು ಯಾರಿಗೂ ಕಾಣದ ಹಾಗೆ ಬೂದಿಯಲ್ಲಿ ಹೂಳಬೇಕು. ಎಲ್ಲರೂ ದೂರ ಸರಿದು ಸುತ್ತ ಕೂತು ಮಾತಾಡಬೇಕು. ಬೀಜ ಸಿಡಿದಾಗ ಯಾರ ಬಾಯಲ್ಲಿ ಮಾತಿರುತ್ತದೋ ಅವರು ಆ ಮಾತನ್ನು ನಡೆಸಿ ತೋರಿಸಲೇಬೇಕು. ಬೇರೆ ಯಾರೂ ಅಡ್ಡ ಬರುವ ಹಾಗಿಲ್ಲ.

ಹೋದ ವರ್ಷ ಅಜ್ಜಿ, "ಈ ಕೋಳಿ ಮೊಟ್ಟೆ ಇಡದಿದ್ರೆ ನಾನೇ ಕೂತು ಇಡ್ತೀನಿ" ಎನ್ನುವಾಗ ಬೀಜ ಡಬ್ ಎಂದಿತ್ತು. ಮಾರನೆಯ ದಿನ ಅಜ್ಜಿ ಕೋಳಿಬುಟ್ಟಿಯ ಪಕ್ಕ ಹತ್ತು ನಿಮಿಷ ಕುಕ್ಕರಗಾಲಲ್ಲಿ ಕೂತಿದ್ದಳು. ಮೊಟ್ಟೆ ಬರಲಿಲ್ಲ, ಅದು ಬೇರೆ ಮಾತು.

ಈ ವರ್ಷದ ಯಜಮಾನಿ ಭವ್ಯ. ಯಜಮಾನಿಯ ಗುರುತಿಗೆ ಅವಳ ತಲೆಯ ಮೇಲೆ ಅಡಿಕೆ ಹಾಳೆಯ ಟೊಪ್ಪಿ ಕೂತಿತ್ತು. ದೊಡ್ಡವರ ಟೊಪ್ಪಿ ಅದು, ಎರಡು ನಿಮಿಷಕ್ಕೊಮ್ಮೆ ಕಣ್ಣಿನ ಮೇಲೆ ಜಾರುತ್ತಿತ್ತು.

ಆದರೆ ಭವ್ಯಳಿಗೆ ಈ ಸಲ ನಗು ಬೇಕಿರಲಿಲ್ಲ. ಅವಳಿಗೆ ದೀಪಶ್ರೀ ಬೇಕಿತ್ತು.

ದೀಪಶ್ರೀ ತೋಟದ ಕೆಲಸಕ್ಕೆ ಬರುವ ಯಲ್ಲಕ್ಕನ ಮಗಳು. ಒಂದನೇ ಕ್ಲಾಸಿನಿಂದ ಐದನೇ ಕ್ಲಾಸಿನ ತನಕ ಇಬ್ಬರದ್ದೂ ಒಂದೇ ಬೆಂಚು. ಕೊಪ್ಪದ ಆಚೆ ಹಾಸ್ಟೆಲ್ ಇರುವ ದೊಡ್ಡ ಶಾಲೆಯೊಂದಿದೆ. ಅಲ್ಲಿಗೆ ಸೇರಲು ಇಬ್ಬರೂ ಪರೀಕ್ಷೆ ಬರೆದಿದ್ದರು. ದೀಪಶ್ರೀ ಪಾಸಾದಳು. ಭವ್ಯ ಆಗಲಿಲ್ಲ. ಜೂನ್ ಮೊದಲ ವಾರ ದೀಪಶ್ರೀ ಹೊರಡಬೇಕು.

ರಿಸಲ್ಟ್ ಬಂದ ದಿನದಿಂದ ಭವ್ಯ ಆ ಶಾಲೆಯ ಬಗ್ಗೆ ಒಂದೇ ಒಂದು ಪ್ರಶ್ನೆ ಕೇಳಿರಲಿಲ್ಲ. ದೀಪಶ್ರೀ ಏನಾದರೂ ಹೇಳಲು ಬಂದರೆ, "ಬಾ, ನೇರಳೆಹಣ್ಣು ಹೆಕ್ಕೋಣ" ಎಂದು ಎಳೆದುಕೊಂಡು ಹೋಗುತ್ತಿದ್ದಳು. ಇವತ್ತು ಬೆಳಗ್ಗೆ ಮಾತ್ರ ಅವಳೇ ಮಾತು ತೆಗೆದಿದ್ದಳು.

"ದೀಪಾ, ಸಂಜೆ ಬೆಂಕಿ ಮುಂದೆ ನೀನು ‘ನಾನು ಹಾಸ್ಟೆಲಿಗೆ ಹೋಗಲ್ಲ’ ಅಂತ ಹೇಳ್ಬೇಕು. ಆಗ ಬೀಜ ಸಿಡಿದ್ರೆ ನಿನ್ನನ್ನ ಯಾರೂ ಕಳಿಸೋ ಹಾಗಿಲ್ಲ. ರೂಲ್ ಅಂದ್ರೆ ರೂಲ್."

"ಸರಿಯಾಗಿ ಆಗ್ಲೇ ಸಿಡಿಯುತ್ತಾ?"

"ಅದು ನನ್ನ ಜವಾಬ್ದಾರಿ ಮಾರಾಯ್ತಿ. ನೀನು ಹೇಳ್ತೀಯೋ ಇಲ್ವೋ?"

ದೀಪಶ್ರೀ ಕಾಲಿನ ಹೆಬ್ಬೆರಳಿನಿಂದ ನೆಲ ಕೆರೆದಳು. ಆಮೇಲೆ "ಹೂಂ" ಎಂದಳು. ಆ ‘ಹೂಂ’ ಬಹಳ ಸಣ್ಣದಿತ್ತು, ಆದರೆ ಭವ್ಯಳಿಗೆ ಅಷ್ಟೇ ಸಾಕಾಗಿತ್ತು.

ಸಂಜೆ ಬೆಂಕಿ ಇಳಿದು ಕೆಂಡವಾಯಿತು, ಕೆಂಡದ ಮೇಲೆ ಬೂದಿ ಮುಸುಕು ಹಾಕಿತು. ಭವ್ಯ ಮೂರು ಕಳ್ಳಬೀಜಗಳನ್ನು ಅಲ್ಲಲ್ಲಿ ಹೂತಳು. ನಾಲ್ಕನೆಯದನ್ನು ತಾನು ಕೂರುವ ಕಡೆಯಲ್ಲೇ ಹೂತು, ಗುರುತಿಗೆ ಒಂದು ಹಸಿ ಕಡ್ಡಿ ನೆಟ್ಟಳು. ನಾಲ್ಕರಲ್ಲಿ ಒಂದಾದರೂ ದೀಪಶ್ರೀಯ ಮಾತಿಗೆ ಸಿಡಿಯದೇ ಇರುತ್ತದೆಯೇ?

ಎಲ್ಲರೂ ಅಡಿಕೆ ಹಾಳೆ ಹಾಸಿಕೊಂಡು ದೂರದಲ್ಲಿ ಸುತ್ತ ಕೂತರು. ಅಜ್ಜಿ, ಅಮ್ಮ, ಎಂಟು ವರ್ಷದ ತಮ್ಮ ಯಶವಂತ, ಧರ್ಮಪ್ಪ ಮಾವ, ಯಲ್ಲಕ್ಕ. ದೀಪಶ್ರೀ ಭವ್ಯಳ ಪಕ್ಕದಲ್ಲಿ. ಸೂರ್ಯ ಆಗಷ್ಟೇ ಮುಳುಗಿದ್ದ. ಆಕಾಶ ಮಾವಿನ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಜೀರುಂಡೆಗಳು ಒಂದೇ ಸಮನೆ ಹಾಡುತ್ತಿದ್ದವು, ಗೆಣಸು ಸುಡುವ ಸಿಹಿ ವಾಸನೆ ಹಿತ್ತಲ ತುಂಬ ಹರಡಿತ್ತು.

ಹೊಗೆಯನ್ನು ನೋಡುತ್ತ ಕೂತರೆ ಭವ್ಯಳಿಗೆ ಏನೇನೋ ಕಾಣುತ್ತಿತ್ತು. ಒಮ್ಮೆ ಆನೆ, ಒಮ್ಮೆ ಬಸ್ಸು. ಒಮ್ಮೆ ಅವರ ಶಾಲೆಯ ಬೆಂಚು ಕಂಡಿತು, ಅದರ ಮೇಲೆ ಒಂದೇ ಬ್ಯಾಗು. ಅವಳು ಬೇಗ ಕಣ್ಣು ಉಜ್ಜಿಕೊಂಡಳು. ಯಾರಾದರೂ ಕೇಳಿದರೆ ಹೊಗೆ ಎನ್ನಬಹುದಿತ್ತು.

"ಎಂತ ಸೆಖೆ ಮಾರಾಯ್ರೇ!" ಎಂದ ಧರ್ಮಪ್ಪ ಮಾವ. ಅವನು ಶೃಂಗೇರಿ-ಕೊಪ್ಪ ಬಸ್ಸಿನ ಕಂಡಕ್ಟರ್. ಅವನ ಬಾಯಿಗೆ ರಜೆಯೇ ಇಲ್ಲ. "ನಾಳೆ ನೋಡಿ, ಬೆಳಗ್ಗೆಯಿಂದ ಸಂಜೆವರೆಗೆ ಎಮ್ಮೆ ಥರ ತುಂಗೆಯಲ್ಲೇ ಬಿದ್ದಿರ್ತೀನಿ..."

ಡಬ್!

ಬೂದಿ ಪುಸ್ಸೆಂದು ಹಾರಿತು. ಯಶವಂತ ಕುಣಿದಾಡಿದ. "ಮಾವ ಎಮ್ಮೆ! ಮಾವ ಎಮ್ಮೆ!"

"ಅಯ್ಯೋ, ನಾಳೆ ನಂಗೆ ಡ್ಯೂಟಿ ಇದೆಯಲ್ಲ!"

"ಎಮ್ಮೆಗೆ ಎಂತ ಡ್ಯೂಟಿ?" ಎಂದಳು ಅಜ್ಜಿ.

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಭವ್ಯ ಮೊಣಕೈಯಿಂದ ದೀಪಶ್ರೀಯನ್ನು ತಿವಿದಳು. "ಈಗ ಹೇಳೇ," ಎಂದು ಪಿಸುಗುಟ್ಟಿದಳು. ದೀಪಶ್ರೀ ಹಾಳೆಯ ಅಂಚು ಕೀಳುತ್ತ ಕೂತಳು.

ಅಷ್ಟರಲ್ಲಿ ಅಮ್ಮ ಕೇಳಿದಳು, "ಯಲ್ಲಕ್ಕ, ದೀಪನ ತಯಾರಿ ಎಲ್ಲಾ ಆಯ್ತಾ?"

"ಆಯ್ತು ಅಮ್ಮಾ. ಶೃಂಗೇರಿಯಿಂದ ಒಂದು ಪೆಟ್ಟಿಗೆ ತಂದ್ವಿ. ಅವತ್ತಿಂದ ಇವಳಿಗೆ ಅದೇ ಆಟ. ಬೀಗ ಹಾಕೋದು, ತೆಗೆಯೋದು, ಹಾಕೋದು, ತೆಗೆಯೋದು. ಮಲಗುವಾಗ್ಲೂ ಒಂದು ಕೈ ಪೆಟ್ಟಿಗೆ ಮೇಲೇ."

"ಅವ್ವಾ, ಸುಮ್ನಿರು," ಎಂದು ದೀಪಶ್ರೀ ತಲೆ ತಗ್ಗಿಸಿದಳು.

ಭವ್ಯಳ ಕಿವಿಗೆ ಬಿತ್ತು, ಆದರೆ ಒಳಗೆ ಇಳಿಯಲಿಲ್ಲ. ಅವಳ ಕಣ್ಣೆಲ್ಲ ಹಸಿ ಕಡ್ಡಿಯ ಮೇಲಿತ್ತು.

"ನಾಳೆ ಹಾಗಲಕಾಯಿ ಪಲ್ಯ ಮಾಡ್ತೀನಿ," ಎಂದಳು ಅಜ್ಜಿ.

"ಮಾಡು, ಮಾಡು!" ಎಂದ ಯಶವಂತ ಮೂತಿ ಉದ್ದ ಮಾಡಿ. "ನಂಗೆ ಹಾಗಲಕಾಯಿ ಅಂದ್ರೆ ಪ್ರಾಣ ನೋಡು. ಒಂದು ವಾರ ದಿನಾ ಅದನ್ನೇ ತಿಂತೀನಿ!"

ಡಬ್!

ಯಶವಂತನ ಬಾಯಿ ತೆರೆದದ್ದು ಹಾಗೇ ಉಳಿಯಿತು. ಧರ್ಮಪ್ಪ ಮಾವ ನಗಲು ಶುರುಮಾಡಿ ಅರ್ಧಕ್ಕೆ ನಿಲ್ಲಿಸಿದ. "ತಡೀರಿ, ತಡೀರಿ. ವರ್ಷಕ್ಕೆ ಒಂದೇ ಕಳ್ಳಬೀಜ ಅಲ್ವಾ?"

ಎಲ್ಲರೂ ಭವ್ಯಳ ಕಡೆ ತಿರುಗಿದರು. ಟೊಪ್ಪಿ ಜಾರಿ ಕಣ್ಣು ಮುಚ್ಚಿತು. ಅವಳು ಅದನ್ನು ಸರಿಮಾಡಲು ಹೋಗಲಿಲ್ಲ.

"ಒಂದಕ್ಕೆ ಕಚ್ಚು ಹಾಕೋದು ಮರ್ತೋಯ್ತೇನೋ," ಎಂದಳು ಟೊಪ್ಪಿಯ ಒಳಗಿನಿಂದ.

"ಮರ್ತೋಯ್ತಂತೆ!" ಅಜ್ಜಿ ಸೊಂಟದ ಮೇಲೆ ಕೈ ಇಟ್ಟು ಎದ್ದು ನಿಂತಳು. "ಇನ್ನೊಂದೇನಾದ್ರೂ ಸಿಡಿದ್ರೆ ನೋಡು, ನಾನು ಹೋಗಿ ಆ ಮಾವಿನ ಮರ ಹತ್ತಿ ಕೂತ್ಕೋತೀನಿ..."

ಡಬ್!

ಆಮೇಲೆ ನಡೆದದ್ದನ್ನು ಮೆಣಸೆಯವರು ಇನ್ನೂ ಹತ್ತು ವರ್ಷ ಹೇಳಿಕೊಂಡು ನಗುತ್ತಾರೆ. "ಬೇಡ ಅತ್ತೆ," ಎಂದು ಅಮ್ಮ ಎಷ್ಟು ಬೇಡಿದರೂ ಅಜ್ಜಿ ಕೇಳಲಿಲ್ಲ. "ಮಾತು ಅಂದ್ರೆ ಮಾತು," ಎಂದು ಸೀರೆಯ ಸೆರಗು ಬಿಗಿದಳು. ಮರದ ಅಡ್ಡಕೊಂಬೆ ಸೊಂಟದೆತ್ತರಕ್ಕೇ ಇತ್ತು. ಸ್ಟೂಲು ಬಂತು. ಧರ್ಮಪ್ಪ ಮಾವ ಒಂದು ಕೈ ಹಿಡಿದ, ಯಲ್ಲಕ್ಕ ಇನ್ನೊಂದು. ಅಮ್ಮ ಕಣ್ಣು ಮುಚ್ಚಿಕೊಂಡು ಬೆನ್ನು ಒತ್ತಿದಳು. ಎಪ್ಪತ್ತು ವರ್ಷದ ಜಲಜಮ್ಮ ಕೊನೆಗೂ ಕೊಂಬೆಯ ಮೇಲೆ ಕೂತು, ಎರಡೂ ಕಾಲು ಇಳಿಬಿಟ್ಟಳು.

"ಇಲ್ಲಿ ಗಾಳಿ ಚೆನ್ನಾಗಿದೆ," ಎಂದಳು. "ಒಂದು ಗೆಣಸು ಕೊಡ್ರೋ."

ಮಿಂಚುಹುಳಗಳು ಒಂದೊಂದಾಗಿ ಅಜ್ಜಿಯ ಸುತ್ತ ಮಿನುಗತೊಡಗಿದವು. ನಕ್ಕು ನಕ್ಕು ಸುಸ್ತಾದ ಎಲ್ಲರೂ ಮತ್ತೆ ಬಂದು ಕೂತರು.

"ದೀಪಾ," ಎಂದಳು ಅಜ್ಜಿ ಮರದ ಮೇಲಿನಿಂದ. "ನೀನು ಇವತ್ತು ಬಾಯೇ ಬಿಟ್ಟಿಲ್ಲವಲ್ಲೇ. ಎಂತಾದ್ರೂ ಹೇಳು."

ಎಲ್ಲರೂ ದೀಪಶ್ರೀಯನ್ನು ನೋಡಿದರು. ದೀಪಶ್ರೀ ಭವ್ಯಳನ್ನು ನೋಡಿದಳು. ಭವ್ಯ ‘ಹೂಂ, ಹೇಳು’ ಎಂದು ತಲೆಯಾಡಿಸಿದಳು. ಹಸಿ ಕಡ್ಡಿಯ ಬುಡದಲ್ಲಿ ಬೂದಿ ಮೆಲ್ಲಗೆ ಸುಂಯ್‌ಗುಡುತ್ತಿತ್ತು. ಇನ್ನೇನು ಒಂದು ನಿಮಿಷ, ಅಥವಾ ಅದೂ ಬೇಡ.

"ನಾನು..." ಎಂದಳು ದೀಪಶ್ರೀ.

ಅವಳ ಕೈ ಕುತ್ತಿಗೆಗೆ ಹೋಯಿತು. ಅಲ್ಲಿ ಕಪ್ಪು ದಾರವೊಂದಿತ್ತು. ದಾರದ ತುದಿಯನ್ನು ಫ್ರಾಕಿನ ಒಳಗಿನಿಂದ ಎಳೆದು ಅವಳು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡಳು. ಬೆರಳುಗಳ ಸಂದಿಯಿಂದ ಕೆಂಡದ ಬೆಳಕಿಗೆ ಏನೋ ಹೊಳೆಯಿತು. ಪುಟ್ಟ ಬೀಗದ ಕೈ. ಯಲ್ಲಕ್ಕನ ಮಾತು ಭವ್ಯಳಿಗೆ ಈಗ ಒಳಗೆ ಇಳಿಯಿತು.

ಹಾಕೋದು, ತೆಗೆಯೋದು. ಮಲಗುವಾಗ್ಲೂ ಒಂದು ಕೈ ಪೆಟ್ಟಿಗೆ ಮೇಲೇ.

"ನಾನು ಹಾಸ್ಟೆಲಿಗೆ..." ಮಾಡದ ತಪ್ಪಿಗೆ ಟೀಚರ್ ಕ್ಷಮೆ ಕೇಳಿಸಿದರೆ ಹೇಗಿರುತ್ತದೆಯೋ, ಹಾಗಿತ್ತು ಅವಳ ಧ್ವನಿ.

ಭವ್ಯ ಎದ್ದಳು. ಕೆಂಡ ಕೆದಕುವ ಉದ್ದ ಕೋಲು ಎತ್ತಿಕೊಂಡು ಹಸಿ ಕಡ್ಡಿಯ ಬುಡಕ್ಕೆ ಹಾಕಿ ಒಂದೇ ಸಲ ಎಳೆದಳು. ಬೂದಿ ಎದ್ದಿತು, ಟೊಪ್ಪಿ ಬಿತ್ತು, ಬೀಜವೊಂದು ಉರುಳುರುಳಿ ನೆಲಕ್ಕೆ ಬಂತು. ಚೊಂಬಿನಲ್ಲಿದ್ದ ಕುಡಿಯುವ ನೀರನ್ನೆಲ್ಲ ಅದರ ಮೇಲೆ ಸುರಿದುಬಿಟ್ಟಳು.

ಚುಂಯ್ ಎಂದು ಬೀಜ ಸುಮ್ಮನಾಯಿತು.

"ನಾಲ್ಕನೇದಾ?" ಅಜ್ಜಿ ಮರದ ಮೇಲಿನಿಂದ ಕೂಗಿದಳು. "ನಾಲ್ಕು ಹಾಕಿದ್ಯೇನೇ, ಕಳ್ಳಿ?"

"ಹೌದಜ್ಜಿ," ಎಂದಳು ಭವ್ಯ. "ಇನ್ನಿಲ್ಲ."

ಇನ್ನೂ ಏನೋ ಹೇಳಲು ಹೊರಟ ಅಜ್ಜಿ ಇಬ್ಬರು ಹುಡುಗಿಯರ ಮುಖ ನೋಡಿ ನಿಲ್ಲಿಸಿದಳು. "ಧರ್ಮಪ್ಪಾ, ನನ್ನನ್ನ ಇಳಿಸೋ ಮಾರಾಯ," ಎಂದಳು. ದೊಡ್ಡವರೆಲ್ಲ ಮರದ ಕಡೆ ಓಡಿದರು. ಯಶವಂತ ಸ್ಟೂಲು ಹೊತ್ತುಕೊಂಡು ಅವರ ಹಿಂದೆ ಹೋದ.

"ಈಗ ಹೇಳು," ಎಂದಳು ಭವ್ಯ. "ಏನೂ ಸಿಡಿಯಲ್ಲ."

ದೀಪಶ್ರೀ ಮುಷ್ಟಿ ಸಡಿಲಿಸಿದಳು. "ನಂಗೆ ಹೋಗ್ಬೇಕು ಅಂತ ಆಸೆ ಕಣೆ," ಎಂದಳು. "ಹೇಳಿದ್ರೆ ನಿಂಗೆ ಬೇಜಾರಾಗುತ್ತೆ ಅಂತ ಸುಮ್ನಿದ್ದೆ."

ಭವ್ಯಳಿಗೆ ಬೇಜಾರಾಯಿತು. ಅವಳು ಬೀಜ ಎತ್ತಿಕೊಂಡು ಸಿಪ್ಪೆ ಸುಲಿದಳು. ಎರಡು ಹೋಳು ಮಾಡಿ ಒಂದನ್ನು ದೀಪಶ್ರೀಗೆ ಕೊಟ್ಟಳು. ಒಂದು ಕಡೆ ಬೆಂದಿತ್ತು, ಇನ್ನೊಂದು ಕಡೆ ಹಸಿಯಾಗಿಯೇ ಇತ್ತು. ಇಬ್ಬರೂ ನಿಧಾನವಾಗಿ ಅಗಿದರು.

ಮರದ ಹತ್ತಿರ ಅಜ್ಜಿ ಯಾರಿಗೋ ಬೈಯುತ್ತಿದ್ದಳು. ಹೊಗೆ ತೆಳ್ಳಗಾಗಿ ಆಕಾಶದ ಕಡೆ ಹೋಗುತ್ತಿತ್ತು. ಈಗ ಅದರಲ್ಲಿ ಆನೆಯೂ ಇರಲಿಲ್ಲ, ಬೆಂಚೂ ಇರಲಿಲ್ಲ.

"ಪೆಟ್ಟಿಗೆ ಯಾವ ಬಣ್ಣದ್ದೇ?" ಎಂದು ಕೇಳಿದಳು ಭವ್ಯ.

ದೀಪಶ್ರೀ ತಟ್ಟನೆ ತಲೆಯೆತ್ತಿದಳು. ಆಮೇಲೆ ಹಾಳೆಯನ್ನು ಎಳೆದುಕೊಂಡು ಹತ್ತಿರಕ್ಕೆ ಸರಿದು ಕೂತಳು.

"ನೀಲಿ. ಮುಚ್ಚಳದ ಒಳಗಡೆ ಒಂದು ಚಿಕ್ಕ ಕನ್ನಡಿ ಇದೆ."

"ಆಮೇಲೆ?" ಎಂದಳು ಭವ್ಯ.