ಎಡಗಾಲಿನ ಎಡವಟ್ಟು

"ಟೀಯಾ, ನನ್ನ ಎಡಗಾಲು ಕದ್ದುಬಿಟ್ಟಿದಾರೆ!"

ಪಲೋಮಾ ಕಿರುಚಿದ್ದಕ್ಕೆ ನನ್ನ ಕೈಲಿದ್ದ ಬರಿಟೊ ರೊಟ್ಟಿ ಸುರುಳಿ ನೆಲಕ್ಕೆ ಬಿತ್ತು. ತಿರುಗಿ ನೋಡಿದ್ರೆ ಹುಡುಗಿಯ ಕಾಲೆರಡೂ ಅವಳ ಹತ್ರಾನೇ ಇವೆ. ಹೋಗಿರೋದು ಶೂ.

ಹೊಸ ಶೂ ಪೆಟ್ಟಿಗೆ ತೋರಿಸಿದ್ಲು. ಬಲದ್ದು ಏಳನೇ ಸೈಜು, ಎಡದ್ದು ಎಂಟು. ಬಣ್ಣ ಒಂದೇ, ಮಾದರಿ ಒಂದೇ, ಆದ್ರೆ ಬೇರೆ ಬೇರೆ ಸಂಸಾರದ್ದು.

ಮಧ್ಯಾಹ್ನ ಬೀಚ್ ಪಾರ್ಕಲ್ಲಿ ಸ್ಕೇಟ್‌ಬೋರ್ಡ್ ಫೈನಲ್. ಗೆದ್ದೋರಿಗೆ ದೊಡ್ಡ ತಂಡದಲ್ಲಿ ಜಾಗ. ಪಲೋಮಾ ವರ್ಷಗಟ್ಟಲೆ ಮಂಡಿ ಸುಲಿಸಿಕೊಂಡಿದ್ದು ಈ ಜಾಗಕ್ಕೇನೇ. ಹಳೇ ಶೂ ನಿನ್ನೆ ಬಾಯ್ಬಿಟ್ಟಿತ್ತು. ಇದು ಏಳರಲ್ಲಿ ಉಳಿದಿದ್ದ ಕೊನೇ ಜೊತೆ.

"ಎರಡೆರಡು ಸಾಕ್ಸ್ ಹಾಕ್ಕೊಳ್ಳೆ," ಅಂದೆ.

"ಥೂ, ಹೋಗೋ ಚೂಯ್! ಬೋರ್ಡ್ ಒಂದ್ಕಡೆ ಹೋದ್ರೆ ಶೂ ಒಳಗೆ ಕಾಲು ಇನ್ನೊಂದ್ಕಡೆ ಹೋಗುತ್ತೆ!"

"ಬೇರೆ ಮಾದರಿ?"

"ಅದ್ರ ತಳ ದಪ್ಪ. ದಿಂಬಿನ ಮೇಲೆ ನಿಂತಂಗಿರುತ್ತೆ."

ಅಂಗಡಿ ಒಡತಿ ರೊಸಾಲ್ಬಾ, ನನ್ನ ಸೋದರತ್ತೆ, ಕನ್ನಡಕ ಏರಿಸಿದ್ಲು. ಲಾಂಗ್ ಬೀಚ್‌ನ ಸ್ಕೇಟರ್‌ಗಳಿಗೆಲ್ಲ ಅವಳು ಟೀಯಾ, ಅಂದ್ರೆ ಅತ್ತೆ. ಒಂದು ಕಾಲದಲ್ಲಿ ಬೋರ್ಡ್ ಮೇಲೆ ಹಾರಾಡಿದ್ದೋಳು. ಈಗ ಮಂಡಿ ಕೈಕೊಟ್ಟಿದೆ. ಹಾಗಾಗಿ ತಲೆ ಓಡಿಸ್ತಾಳೆ.

"ಎಂಟರದ್ದು ನಿನ್ನೆ ಯಾರ್ಯಾರು ತಗೊಂಡ್ರೋ?"

"ರಿಯಾಯಿತಿ ಮಾರಾಟ ಟೀಯಾ, ಅರ್ಧ ಊರೇ ಬಂದಿತ್ತು. ಕಲೇನಾ ಬಂದ್ಲು. ಗಸ್ ಟಪ್ ಟಪ್ ಅಂತ ಬಂದ. ಯಾರು ಅಂತ ನೆನಪಿಡ್ಲಿ?"

ಟೀಯಾ ಕಷ್ಟಪಟ್ಟು ಬಗ್ಗಿ, ಗಿರಾಕಿಗಳು ಶೂ ಹಾಕಿ ನೋಡೋ ಬೆಂಚಿನ ಕೆಳಗಿಂದ ಏನೋ ಎಳೆದ್ಲು. ಒಂದು ಹಳೇ ಸಾಕ್ಸಿನ ಉಂಡೆ. ಒತ್ತಿ ಒತ್ತಿ ಕಲ್ಲಿನಂಗಾಗಿತ್ತು. ಆಕಾರ ಥೇಟ್ ಶೂವಿನ ಮೂತಿದು.

"ಮೂಸಿ ನೋಡ್ಲಾ ಟೀಯಾ?"

"ನೋಡು. ಒಂದು ಕಳ್ತನದ ಜೊತೆ ಒಂದು ಸಾವೂ ಆಗ್ಲಿ."

* * *

ನನಗೆ ಅನುಮಾನ ಕಲೇನಾ ಮೇಲೆ. ಪಲೋಮಾಗೆ ಎದುರಾಳಿ, ಹವಾಯಿ ಹುಡುಗಿ, ಎಂಟನೇ ಸೈಜು. ಮೂವರೂ ಪಾರ್ಕಿಗೆ ಹೋದ್ವಿ. ಹೋದವನೇ ಕಾಲು ಕೆರೆದು ಜಗಳಕ್ಕೆ ನಿಂತೆ.

"ಎಡಗಾಲು ತೋರಿಸು!"

"ನಿನ್ನ ಮೂತಿಗೇ ತೋರಿಸ್ತೀನಿ ಕಣೋ!" ಅಂತ ಶೂ ಬಿಚ್ಚಿ ನಾಲಿಗೆ ಎಳೆದ್ಲು. ಶೂವಿಂದು. ಒಳಗೆ ಸೈಜಿನ ಚೀಟಿ: ಎಂಟು. ಇನ್ನೊಂದರಲ್ಲೂ ಎಂಟು.

"ಪಲೋಮಾನ ಸೋಲಿಸೋಕೆ ನಾನು ಶೂ ಕದೀಬೇಕಾ? ಏ ಪಲೋಮಾ, ನೀನು ಆಡ್ಲೇಬೇಕು ಕಣೆ! ನೀನಿಲ್ದೆ ಗೆದ್ದು ಏನ್ ಮಾಡ್ಲಿ?"

ಪಲೋಮಾ ಅಳೋದು ಬಿಟ್ಟು ನಕ್ಕಳು. ನಾನು ಕಾಲಿಗೆ ಬುದ್ಧಿ ಹೇಳೋಣ ಅಂತಿದ್ದೆ. ಟೀಯಾ ಕಾಲರ್ ಹಿಡಿದ್ಲು.

"ಚೂಯ್, ಕಿವಿಗೊಡು."

"ಗಸ್ ಮೈಕಲ್ಲಿ ಕಿರುಚ್ತಿದಾನೆ. ಬೇರೇನೂ ಕೇಳಿಸ್ತಿಲ್ಲ."

"ಅದೇ ಮತ್ತೆ!"

ಗಸ್ ಪೆಟ್ರಾಕಿಸ್ ಹಳೇ ಚಾಂಪಿಯನ್. ಈಗ ಪಂದ್ಯದ ನಿರೂಪಕ. ಅವನು ನಡೆದ್ರೆ ಎಡಗಾಲು ಟಪ್ ಟಪ್ ಅಂತ ಬೀದಿಗೇ ಸುದ್ದಿ ಮುಟ್ಟಿಸ್ತಿತ್ತು. ಇವತ್ತು ವೇದಿಕೆ ಮೇಲೆ ಕುಣೀತಿದಾನೆ. ಬೆಕ್ಕಿನ ಹೆಜ್ಜೆ.

* * *

"ಗಸ್, ಶೂ ಬಿಚ್ಚು," ಅಂದ್ಲು ಟೀಯಾ.

"ಎಲ್ಲರ ಮುಂದೆನಾ? ವಯಸ್ಸಾಗಿದೆ ರೊಸಾಲ್ಬಾ, ನಾಚಿಕೆ ಆಗುತ್ತೆ."

ಬಿಚ್ಚಿದ. ಬಲಗಾಲು ಎಂಟು. ಎಡಗಾಲು ಏಳು.

ಜನ 'ಓಹೋ' ಅಂದ್ರು. ಗಸ್ ಕಕ್ಕಾಬಿಕ್ಕಿ. "ನಾನೆಲ್ಲಿ ಕದ್ದೆ? ಒಂಟಿ ಡಬ್ಬದಿಂದ ತಗೊಂಡೆ! ಒಂದಿಟ್ಟೆ, ಒಂದು ತಗೊಂಡೆ!"

ಒಂಟಿ ಡಬ್ಬ ನಮ್ಮ ಅಂಗಡಿ ಸಂಪ್ರದಾಯ. ಸ್ಕೇಟರ್‌ಗಳ ಶೂ ಜೊತೇಲಿ ಸಾಯಲ್ಲ. ಬೋರ್ಡಿಗೆ ಉಜ್ಜೋ ಮುಂದಿನ ಕಾಲಿಂದು ಮೊದಲು ಹರಿಯುತ್ತೆ. ಉಳಿದ ವಿಧವೆ ಶೂನ ಡಬ್ಬಕ್ಕೆ ಹಾಕಿ, ಬೇಕಾದ್ದು ಹುಡುಕ್ಕೊಂಡು ಹೋಗ್ತಾರೆ.

ಟೀಯಾ ಬಿಡಿಸಿ ಹೇಳಿದ್ಲು. "ಗಸ್‌ಗೆ ಎಡಗಾಲು ಚಿಕ್ಕದು. ಚಾಂಪಿಯನ್ನಿಗೆ ಎರಡಳತೆ ಕಾಲು ಅಂದ್ರೆ ಮರ್ಯಾದೆ ಏನಾಗ್ಬೇಕು? ಶೂ ಮೂತಿಗೆ ಸಾಕ್ಸ್ ತುರುಕಿದ. ಆದ್ರೂ ಹಿಮ್ಮಡಿ ಟಪ್ ಅಂತ ಚಾಡಿ ಹೇಳ್ತಿತ್ತು. ನಮ್ಮಲ್ಲಿ ಮುಕ್ಕಾಲು ಜನ ಎಡಗಾಲು ಮುಂದಿಡೋರು, ಹಾಗಾಗಿ ಡಬ್ಬದಲ್ಲಿ ಎಡದ್ದು ಸಿಗೋದೇ ಅಪರೂಪ. ನಿನ್ನೆ ಹೊಸಾದು, ಏಳನೇ ಸೈಜು, ಎಡದ್ದೇ ಕಣ್ಣಿಗೆ ಬಿತ್ತು. ಆಗಷ್ಟೇ ಕೊಂಡಿದ್ದ ಅದೇ ಮಾದರಿಯ ಎಂಟರ ಎಡದ್ದನ್ನ ಅಲ್ಲಿಟ್ಟ, ಬೇಡವಾದ ಸಾಕ್ಸಿನ ಉಂಡೆನ ಬೆಂಚಿನ ಕೆಳಗೆ ಬಿಟ್ಟ."

"ಹೊಸಾ ಶೂ ಯಾರಾದ್ರೂ ಬಿಸಾಕ್ತಾರಾ, ಗಸ್ ಅಂಕಲ್?" ಪಲೋಮಾ ಸೊಂಟಕ್ಕೆ ಕೈಯಿಟ್ಟಳು.

"ನೀನು ಬಲಗಾಲು ಮುಂದಿಡೋಳಲ್ವಾ ಮಗಳೇ? ನಿನ್ನ ಎಡದ್ದು ಸವೆಯೋದೇ ಇಲ್ಲ, ಮಿಕ್ಕಿದ್ದನ್ನ ನೀನೇ ಇಟ್ಟಿದೀಯ ಅಂದ್ಕೊಂಡೆ. ದೇವ್ರು ಕಣ್ಬಿಟ್ಟ ಅಂದ್ಕೊಂಡೆ."

"ಆದ್ರೆ ಅದನ್ನ ಒಂಟಿ ಡಬ್ಬದ ಮೇಲೆ ಇಟ್ಟೋರ್ಯಾರು?" ನಾನು ಕೇಳಿದೆ.

ಟೀಯಾ ಕನ್ನಡಕ ಒರೆಸೋಕೆ ಶುರು ಮಾಡಿದ್ಲು. ಬಹಳ ಹೊತ್ತು ಒರೆಸಿದ್ಲು.

"ಬಲದ್ದಕ್ಕೆ ಲೇಸು ಹಾಕ್ತಿದ್ದೆ. ಎಡದ್ದನ್ನ ಅಲ್ಲಿಟ್ಟೆ. ಆಮೇಲೆ ಸೈಜು ನೋಡ್ದೆ ಎರಡನ್ನೂ ಪೆಟ್ಟಿಗೆಗೆ ಸೇರಿಸಿ ಮುಚ್ಚಳ ಹಾಕ್ದೆ. ಎರಡನೇ ಆರೋಪಿ ನಾನೇ. ಬೇಡಿ ಹಾಕ್ಸಪ್ಪಾ!"

"ಲೇಸಾಯ್ತು," ಅಂದೆ. ತಲೆಗೊಂದು ಬಿತ್ತು.

* * *

ಪಲೋಮಾ ಇನ್ನೂ ಬೆಚ್ಚಗಿದ್ದ ಏಳಕ್ಕೆ ಕಾಲು ತೂರಿಸಿದ್ಲು. ಬೆರಳು ತುದಿಗೆ ತಾಗಿತು, ಮಡಚಲಿಲ್ಲ. ಕಾಲು, ಶೂ, ಬೋರ್ಡ್ ಮೂರೂ ಒಂದಾದ್ವು. ಕೊನೇ ಸುತ್ತಲ್ಲಿ ಅವಳು ಮೆಟ್ಟಿಲ ಕಂಬಿ ಮೇಲೆ ಜಾರಿ ಇಳಿದಾಗ ಎಲ್ಲರಿಗಿಂತ ಜೋರಾಗಿ ಕೂಗಿದ್ದು, ಸೋತ ಕಲೇನಾ. ಗಸ್ ಒಂದೇ ಕಾಲಲ್ಲಿ ಶೂ ಹಾಕ್ಕೊಂಡು ಕುಂಟ್ತಾ ಕುಣೀತಾ 'ಗೆದ್ದೋಳು ಪಲೋಮಾ!' ಅಂತ ಕೂಗಿದ.

ಕೆಲವು ವಾರ ಆದ್ಮೇಲೆ ಪಲೋಮಾ ಅಂಗಡಿಗೆ ಬಂದ್ಲು. ಮೈಮೇಲೆ ತಂಡದ ಅಂಗಿ. ಮುಂದಿಟ್ಟು ಮುಂದಿಟ್ಟು ಬಲಗಾಲಿನ ಶೂ ಹರಿದು ಜರಡಿಯಾಗಿತ್ತು. ಎಡದ್ದು ಹೊಸದರಂಗೇ ಇತ್ತು. ಅದನ್ನ ಒಂಟಿ ಡಬ್ಬದ ಮೇಲೆ, ಎಲ್ಲರಿಗೂ ಕಾಣೋ ಹಂಗೆ ಇಟ್ಟು ಹೋದ್ಲು.

ಮಾರನೇ ದಿನ ನಾನು ಬರಿಟೊ ಬಿಚ್ಚಿ ಮೊದಲ ತುತ್ತಿಗೆ ಬಾಯ್ತೆರೆದಿದ್ದೆ.

"ಹೆಂಗಿದೀಯೋ ಚೂಯ್?"

ಬೆಚ್ಚಿಬಿದ್ದೆ. ಬೆನ್ನ ಹಿಂದೇನೇ ಗಸ್ ನಿಂತಿದ್ದ. ಒಂದು ಚೂರೂ ಸದ್ದಿಲ್ಲದೆ ಬಂದಿದ್ದ.

ಬರಿಟೊ ಮತ್ತೆ ನೆಲಕ್ಕೆ.