ಹೆಬ್ಬಾವಿನ ಮರಿ ನೀರು ಕುಡಿದ ದಿನ

ದನದ ದವಾಖಾನೆಯಲ್ಲಿ ಕೂತಿದ್ದವನನ್ನು ನೋಡಿ ಇಂದುವಿಗೆ ತಿರುಗಿ ಹೋಗಿಬಿಡೋಣ ಅನ್ನಿಸಿತು.

ತ್ರ್ಯಂಬಕ... ಹೋದ ಚಳಿಗಾಲದಲ್ಲಿ ತನ್ನನ್ನು ನೋಡಲು ಬಂದು, ಅವಲಕ್ಕಿ ತಿಂದು ಹೋಗಿ, ಆಮೇಲೆ ಒಲ್ಲೆನೆಂದನಂತೆ. ಧಾರವಾಡಕ್ಕೆ ಅವನೇ ಹೊಸ ಡಾಕ್ಟರಾಗಿ ಬಂದಿದ್ದು ಅವಳಿಗೆ ತಿಳಿದಿರಲಿಲ್ಲ.

ಆದರೆ ಬುಟ್ಟಿಯೊಳಗೆ ಹೆಬ್ಬಾವಿನ ಮರಿ ಸಾಯುವಂತಿತ್ತು. ಅವಳು ಮುಚ್ಚಳ ತೆಗೆದಳು.

"ಹತ್ತಿ ತುಂಬಿದ ಚಕ್ಕಡಿ ಗಾಡಿಯೊಳಗ ಸಿಕ್ಕಿತ್ತು, ನಾನ ಸಾಕೇನಿ. ಕಾಕಾ ಲಗ್ನದ ಮಾತಿಗೆ ನನ್ನ ಹುಬ್ಬಳ್ಳಿ ಕಮರಿಪೇಟೆಗೆ ಕರಕೊಂಡು ಹೋಗಿದ್ರು. ಬಂದು ನೋಡಿದ್ರ ಇದರ ನೀರಿನ ಬಟ್ಟಲಾ ಒಣಗಿತ್ತು."

ಅವನು ಹಾವಿನ ಚರ್ಮವನ್ನು ಮೆಲ್ಲಗೆ ಎತ್ತಿ ಬಿಟ್ಟ. ಸುಕ್ಕು ಹಾಗೇ ನಿಂತಿತು.

"ಮೈಯಾಗ ನೀರಿಲ್ಲ. ನೆನಸೋಣ್ರಿ."

"ಬಿಸಿನೀರು ಬೇಕೇನ್ರಿ?"

"ಬ್ಯಾಡ್ರಿ, ಸತ್ತ ಹೋಗ್ತದ. ಉಗುರುಬೆಚ್ಚಗಿದ್ರ ಸಾಕು."

ಅಗಲವಾದ ಬೋಗುಣಿಯಲ್ಲಿ ಹಾವಿನ ಅರ್ಧ ಮೈ ಮುಳುಗುವಷ್ಟೇ ನೀರು ಹಾಕಿದ. ತಲೆ ಎತ್ತುವ ಶಕ್ತಿಯೂ ಅದಕ್ಕಿರಲಿಲ್ಲ. ಇಂದು ಅದರ ತಲೆಯ ಕೆಳಗೆ ಅಂಗೈ ಆನಿಸಿದಳು.

"ಬಾಯಾಗ ನೀರ ಹನಿಸ್ಲೇನ್ರಿ?"

"ಶ್ವಾಸಕ್ಕ ಹೋಗ್ತದ. ತಾನ ಕುಡೀಲಿ. ಅಲ್ಲೀತನಕ ಬಿಟ್ಟು ಹೋಗೂ ಹಂಗಿಲ್ಲ."

"ಬಿಟ್ಟು ಹೋಗೂದು ನಿಮಗ ಹೊಸಾದಲ್ಲ," ಅಂದಳು ಇಂದು, ನೀರನ್ನೇ ನೋಡುತ್ತ.

ಅವನು ತಲೆ ಎತ್ತಿದ. "ಯಾರನ್ನ ಬಿಟ್ಟೇನ್ರಿ?"

"ನನ್ನ ಒಲ್ಲೆ ಅಂದ್ರಂತಲ್ಲ. ಹಾವು ಸಾಕ್ತಾಳ ಅಂತ ಇರಬೇಕು."

"ನಾ ಹಂಗ ಅಂದಿಲ್ರಿ. ಹುಡುಗೀನ ಕೇಳ್ರಿ, ಆಕಿ ಹೂಂ ಅಂದ್ರ ನಂದೂ ಹೂಂ ಅಂತ ನಿಮ್ಮ ಕಾಕಾಗ ಹೇಳಿ ಬಂದಿದ್ದೆ. ಉತ್ತರ ಬರಲಿಲ್ಲ. ನೀವ ಒಲ್ಲೆ ಅಂದ್ರಿ ಅಂತ ತಿಳದೆ."

ಇಂದುವಿನ ಮನೆಯಲ್ಲಿ ಹುಡುಗಿಯರನ್ನು ಕೇಳುವ ರೂಢಿಯೇ ಇರಲಿಲ್ಲ. ಹುಡುಗಿಯನ್ನು ಕೇಳಿ ಎಂಬ ಮಾತಿಗೆ ಕಾಕಾ, ಇವನು ಬೇಡ ಅನ್ನುವುದನ್ನೇ ನಯವಾಗಿ ಹೇಳಿದ್ದಾನೆ ಎಂದು ತಿಳಿದಿರಬೇಕು.

ಅಂಗೈಯ ಮೇಲೆ ಏನೋ ಮಿಡಿದಂತಾಯಿತು. ಹಾವಿನ ಗಂಟಲು ಏರಿಳಿಯುತ್ತಿತ್ತು.

"ಕುಡಿಯಾಕತ್ತದ," ಅಂದ ತ್ರ್ಯಂಬಕ, ಪಿಸುಮಾತಿನಲ್ಲಿ.

ಹಾವು ಸಾಕಷ್ಟು ಕುಡಿದ ಮೇಲೆ ಇಬ್ಬರೂ ಅದನ್ನು ಅರಿವೆಯಲ್ಲಿ ಒರೆಸಿ, ನೆರಳಲ್ಲಿದ್ದ ಬುಟ್ಟಿಗೆ ಬಿಟ್ಟರು.

"ಕಮರಿಪೇಟೆ ಮಾತು ಮುಗದದೇನ್ರಿ?"

"ಇನ್ನೂ ಇಲ್ಲ. ನಾಳೆ ಅವರು ಬರ್ತಾರ."

"ಹಂಗಾದ್ರ ಇವತ್ತ ಕೇಳ್ತೇನಿ. ನನ್ನ ಮದುವಿ ಆಗ್ತೀರೇನು?"

ಇಂದು ಅವನ ಮುಖ ನೋಡಿಯೇ ಹೇಳಿದಳು.

"ಹೂಂ."

ಅಂದು ಸಂಜೆ ಕಾಕಾ ಪಂಢರಿನಾಥರ ಮುಂದೆ ನಿಂತು, ಕಮರಿಪೇಟೆ ಸಂಬಂಧ ಒಲ್ಲೆ, ತ್ರ್ಯಂಬಕನಿಗೆ ಹೂಂ ಅಂದೇನಿ, ಅಂದಳು.

"ನಿನ್ನ ಯಾರು ಕೇಳಿದ್ರು?" ಎಂದು ಗುಡುಗಿದರು ಅವರು.

"ಅವರು ಕೇಳ್ಯಾರ್ರಿ."

ಕಾಕಾ ಬಹಳ ಕಾಲ ಅವಳ ಜೊತೆ ಮಾತು ಬಿಟ್ಟರು. ಕೊನೆಗೆ ದೀಪಾವಳಿ ಕಳೆದ ಮೇಲೆ ಅವರೇ ಮುಹೂರ್ತ ಕೇಳಿ ಬಂದರು.

ಲಗ್ನದ ಹಿಂದಿನ ದಿನ ತ್ರ್ಯಂಬಕ ಸಿಕ್ಕಾಗ ಇಂದು ಮೆಲ್ಲಗೆ ಹೇಳಿದಳು. "ಹಾವು ನನ್ನ ಜೋಡಿ ಬರ್ತದ. ಅತ್ತಿಯವರು ಅಂಜತಾರೇನೋ..."

"ಅವ್ವಗ ಆಗಲೇ ಹೇಳೇನ್ರಿ."

"ಏನಂತ?"

"ಸೊಸಿ ಒಬ್ಬಾಕಿನ ಬರೂದಿಲ್ಲ ಅಂತ."